ತಾರೀಖು

ಪರವಾನಗಿ ಬರೆದವನು ನಾನೇ.
ಕುರಿದೊಗಲ ಮೇಲೆ, ದೊರೆಯ ಹೆಸರಲ್ಲಿ:
ಸ್ಪೇನಿನ ಹಡಗು ಕಂಡಲ್ಲಿ ಹಿಡಿ,
ಹತ್ತರಲ್ಲೊಂದು ಪಾಲು ನಮಗೆ.
ಓದು ಬಾರದ ಟೋಬಯಸ್ ರೆನ್‌ಫ್ರೀ
ಅದನ್ನು ಮೂಸಿ ನೋಡಿ ನಕ್ಕಿದ್ದ,
ಆರು ಶಿಲ್ಲಿಂಗ್ ಎಣಿಸಿಕೊಟ್ಟಿದ್ದ.

ಆಗಸ್ಟಿನಲ್ಲಿ ಅರಮನೆಗಳು ರಾಜಿಯಾದವು.
ಸುದ್ದಿ ಹೊತ್ತ ಹಡಗು ಗಾಳಿಯಿಲ್ಲದೆ
ನಡುಗಡಲಲ್ಲಿ ಆಕಳಿಸುತ್ತಿತ್ತು.
ಸೆಪ್ಟೆಂಬರಿನಲ್ಲಿ, ಜಮೈಕಾದ ಆಚೆ,
ಇವನು ಹಿಡಿದ:
ನೀಲಿಯ ಮೂಟೆ, ಒಡೆದ ಕಂಚಿನ ಗಂಟೆ, ಒಂದು ಗಿಳಿ.

ನ್ಯಾಯಾಲಯ ಕೇಳಿದ್ದು ತಾರೀಖು ಮಾತ್ರ.
ಗಿಳಿ ಯಾರ ಸ್ವತ್ತೆಂದು ಎರಡು ದಿನ ವಾದ ನಡೆಯಿತು,
ಅವನ ಕೊರಳಿನ ಬಗ್ಗೆ ಅರ್ಧ ತಾಸು.
ತೀರ್ಪಿನ ಪ್ರತಿ ತೆಗೆದವನೂ ನಾನೇ,
ಅದೇ ಗರಿ, ಇನ್ನೊಮ್ಮೆ ಚೂಪು ಮಾಡಿಕೊಂಡು.

ಹಣೆಬರಹ, ಎಂದಳು ಅವನ ಹೆಂಡತಿ ಡಾರ್ಕಸ್.
ನನ್ನ ಕೈಬರಹ, ತಾಯಿ,
ಎನ್ನಲಾಗಲಿಲ್ಲ.
ಶಾಯಿ ಹತ್ತಿದ ಬೆರಳುಗಳನ್ನು ಜೇಬಿಗಿಳಿಸಿದೆ.

ವಾಪಿಂಗಿನಲ್ಲಿ ಈಗ ಥೇಮ್ಸ್ ಇಳಿದಿದೆ.
ಕೆಸರಲ್ಲಿ ಕಂಬ. ಕಂಬದಲ್ಲಿ ಅವನು.
ಮೂರು ಸಲ ಭರತದ ನೀರು ಅವನ ಮೇಲೆ ಹಾಯಬೇಕು,
ಪದ್ಧತಿ.
ಎರಡಾಯಿತು.
ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಯುತ್ತಿದ್ದೇನೆ:
ಮೂರನೆಯದನ್ನು ಪುಸ್ತಕದಲ್ಲಿ ನಮೂದಿಸಬೇಕು,
ಹೊತ್ತು, ತಾರೀಖು ಸಮೇತ.