ಅವನ ಹೆಸರಿನಲ್ಲಿ ಏನೂ ಇಲ್ಲ

ಆಕ್ಷೇಪಣೆಯ ಮೂರನೇ ಪುಟದಲ್ಲಿ ಬರೆದಿದ್ದಾರೆ:
ಎದುರುದಾರನ ಹೆಸರಿನಲ್ಲಿ ಏನೂ ಇಲ್ಲ.
ಜಮ್ಮ ಜಮೀನು ಒಕ್ಕದ್ದು, ಪಟ್ಟೆದಾರ ದೊಡ್ಡಪ್ಪ,
ಕಾಫಿಯೂ ಒಕ್ಕದ್ದೇ, ಜೀಪೂ ಒಕ್ಕದ್ದೇ,
ಇವನು ಬರೀ ಮೇಲ್ವಿಚಾರಣೆಗೆ,
ಊಟ ಬಟ್ಟೆಯ ಮೇಲೆ.

ಸಫಿಯಾ ವಕೀಲರು ಕನ್ನಡಕ ತೆಗೆದು ಕೇಳಿದರು,
"ದೇಚಮ್ಮ, ಲೆಕ್ಕ ಬರೀತಿದ್ದದ್ದು ಯಾರು?"

ನಾನು.
ಒಂಬತ್ತು ವರ್ಷ, ನೀಲಿ ರಟ್ಟಿನ ಪುಸ್ತಕದಲ್ಲಿ.
ಹಣ್ಣು ಕೊಯ್ದವರ ಕೂಲಿ, ಕಿಲೋಗೆ ಇಷ್ಟು.
ಎರವರ ಬೊಳ್ಳಿಗೆ ಮುಂಗಡ,
ಅವಳ ಗಂಡನಿಗೆ ಗೊತ್ತಾಗದ ಹಾಗೆ ಬೇರೆ ಸಾಲಿನಲ್ಲಿ.
ಗೋಣಿಕೊಪ್ಪಕ್ಕೆ ಹೋದ ಚೀಲ, ಮೆಣಸಿನ ತೂಕ,
ಆನೆ ಮುರಿದ ಬೇಲಿಗೆ ಹೊಸ ತಂತಿ.
ದುಡ್ಡು ಎಣಿಸುವಾಗ ಅದೆಲ್ಲ ಅವನದು,
ಕೋರ್ಟು ಕೇಳುವಾಗ ಒಕ್ಕದ್ದು.
ಪುಸ್ತಕ ಆ ಮನೆಯ ಬೀರುವಿನಲ್ಲೇ ಇದೆ.
ತರಿಸೋಣ, ಅದಕ್ಕೂ ಒಂದು ಅರ್ಜಿಯಿದೆ, ಎಂದರು.

ನನಗೂ ಒಂದು ಫಾರಂ.
ಆಸ್ತಿ, ಸಾಲ, ಆದಾಯ, ಖರ್ಚು,
ಪ್ರಮಾಣ ಮಾಡಿ ತುಂಬಬೇಕು.
ಶಾಲೆಯ ಶುಲ್ಕ, ಬರೆದೆ.
ಚಳಿಗಾಲದ ಉಬ್ಬಸದ ಔಷಧಿ, ಬರೆದೆ.
ಅರ್ಜಿದಾರೆಯ ವಿದ್ಯಾರ್ಹತೆ: ಬಿ.ಕಾಂ.
ಹಿಂದೆ ದುಡಿದದ್ದುಂಟೆ? ಎಲ್ಲಿ?
ನೀಲಿ ರಟ್ಟು ನೋಡಿ ಎಂದು ಬರೆಯಲೇ?

ಐದನೇ ಪುಟದಲ್ಲಿ ಇನ್ನೊಂದು ವಾಕ್ಯವಿತ್ತು,
ಮಗುವಿನ ಬಗ್ಗೆ. ಡಿ.ಎನ್.ಎ. ಎಂಬ ಮೂರಕ್ಷರ.
ನಾನೆದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದು ಬಂದೆ.
"ಮದುವೆಯೊಳಗೆ ಹುಟ್ಟಿದ ಮಗುವಿಗೆ
ಕಾನೂನು ಮೊದಲೇ ಅಪ್ಪನನ್ನು ಬರೆದಿಟ್ಟಿರುತ್ತೆ.
ಬರೀ ಅನುಮಾನಕ್ಕೆ ರಕ್ತ ತೆಗೆಯೋಲ್ಲ, ಕೂತ್ಕೊಳ್ಳಿ."
ನಾಯಿಯನ್ನು ಕರೆಯುವಾಗ ಪೂವಣ್ಣ
ಎರಡು ಬೆರಳು ನಾಲಿಗೆಯಡಿ ಮಡಚಿ
ಅವನ ಹಾಗೆಯೇ ಶಿಳ್ಳೆ ಹಾಕುತ್ತಾನೆ,
ಕೊನೆಯನ್ನು ತುಸು ಮೇಲಕ್ಕೆಳೆದು.
ಅದು ಕಲಿತದ್ದು, ಸಾಕ್ಷ್ಯವಲ್ಲ. ಗೊತ್ತು.
ಮುಂದಿನ ದಿನಾಂಕಕ್ಕೆ ವಾಕ್ಯದ ಮೇಲೆ ಗೆರೆ ಎಳೆದು
ಪಕ್ಕದಲ್ಲಿ ಅವನು ಸಹಿ ಹಾಕಿದ್ದ.
ಗೆರೆಯಡಿಯ ಅಕ್ಷರ ಈಗಲೂ ಕಾಣುತ್ತದೆ.
ಮಗನಿಗೆ ಈ ವರ್ಷ ಓದು ಬಂದಿದೆ.

ನ್ಯಾಯಾಧೀಶರು ಅವನೊಬ್ಬನನ್ನೇ ಕೋಣೆಗೆ ಕರೆದು
ಬಿಸ್ಕೆಟ್ಟು ಕೊಟ್ಟು ಕೇಳಿದರಂತೆ,
ಯಾರ ಹತ್ತಿರ ಇರ್ತೀಯ?
ನಾಯಿ ಯಾರ ಹತ್ತಿರ ಇರುತ್ತೆ, ಎಂದನಂತೆ ಇವನು.
ಎರಡನೇ ಶನಿವಾರ, ನಾಲ್ಕನೇ ಶನಿವಾರ,
ಹತ್ತರಿಂದ ನಾಲ್ಕು,
ವಿರಾಜಪೇಟೆ ಗಡಿಯಾರ ಕಂಬದ ಹತ್ತಿರ ಒಪ್ಪಿಸಬೇಕು.
ನಾಯಿಯ ಬಗ್ಗೆ ಆದೇಶದಲ್ಲಿ ಏನಿಲ್ಲ,
ಆದರೂ ಜೀಪಿನ ಹಿಂದೆ ಕಟ್ಟಿ ತರುತ್ತಾನೆ.
ಅಷ್ಟು ಹೇಳಲೇಬೇಕು.

ಮದುವೆಯ ದಿನ ಎರಡು ಕಡೆಯ ಅರುವರು
ಎದುರೆದುರು ನಿಂತು ವಾದಿಸಿದ್ದರು,
ವಕೀಲರ ಹಾಗೆ, ಆದರೆ ನಗುತ್ತ.
ನಮ್ಮ ಉತ್ತಯ್ಯ ಮಾವ ಹನ್ನೊಂದು ಕಲ್ಲು ಎಣಿಸಿ ಕೊಟ್ಟ,
ಅವು ನನ್ನ ಸೆರಗಿನ ತುದಿಗೆ ಗಂಟಾದವು:
ಆ ಮನೆಯಲ್ಲಿ ನನ್ನ ಹಕ್ಕು.
ಹನ್ನೆರಡನೆಯದು ತವರಿನದೆಂದು ಇಟ್ಟುಕೊಂಡ.
ಮೊನ್ನೆ ಕೇಳಿದೆ, ಮಾವ, ಎಲ್ಲಿಟ್ಟಿದ್ದೀಯ ಅದನ್ನು?
ಕಿವಿಗೆ ಕೈ ಇಟ್ಟು ಎರಡು ಸಲ ಕೇಳಿಸಿಕೊಂಡು ಹೇಳಿದ,
"ಅಂಗಳದಲ್ಲಿ ಹೆಕ್ಕಿದ್ದು ಕುಂಞಿ,
ಅಂಗಳಕ್ಕೇ ಎಸೆದೆ."
ಈಗ ಅಲ್ಲಿ ಬರಿಗಾಲಲ್ಲಿ ನಡೆದರೆ
ಒತ್ತಿದ್ದೆಲ್ಲ ಅದೇ ಅನ್ನಿಸುತ್ತದೆ.
ಅತ್ತಿಗೆ ಇನ್ನೂ ಏನೂ ಅಂದಿಲ್ಲ.

ಮಧ್ಯಂತರ ಜೀವನಾಂಶದ ಆದೇಶ ಬಂತು.
ಪ್ರತಿ ತಿಂಗಳು ಹತ್ತನೇ ತಾರೀಕಿನೊಳಗೆ.
ಮೊದಲ ಕಂತು ಹದಿನಾಲ್ಕಕ್ಕೆ, ದೊಡ್ಡಪ್ಪನ ಖಾತೆಯಿಂದ.
ಸಫಿಯಾ ನಕ್ಕರು, "ಒಕ್ಕದ್ದೇ!"
ಪೇಟೆಯಲ್ಲಿ ಕೆಂಪು ರಟ್ಟಿನ ಪುಸ್ತಕ ಕೊಂಡೆ.
ಜಮಾ ಎಂದು ಬರೆದೆ, ಮೊತ್ತ ಬರೆದೆ.
ಯಾರಿಂದ ಎಂಬಲ್ಲಿ
ಅವನ ಹೆಸರನ್ನೇ ಬರೆದೆ, ಪೂರ್ತಿಯಾಗಿ,
ಮನೆಹೆಸರು ಸಮೇತ.