ಭೋಂಗಾ ಕೇಳದ ಹೊಟ್ಟಿ

ನಳಿಗಿ ನುಂಗಿಸಿ ಡಾಕ್ಟರ್‌ಬಾಯಿ ತೋರಿಸಿದ್ರು ಪಡದಿ ಮ್ಯಾಲ:
ನನ್ನ ಹೊಟ್ಟಿಯಂತ.
ನಿನ್ನಿ ಸಂಜಿಯಿಂದ ಉಪಾಸ ಇದ್ದೆ, ಆಣಿ ಮಾಡಿ ಹೇಳ್ತೀನಿ.
ಆದ್ರ ಅಲ್ಲಿ ಮೊನ್ನಿ ತಿಂದ ಮೆಂತಿ ಎಸಳು
ತೊಳದು ಹರವಿದ್ಹಂಗ ಹಸರಾಗೇ ಕೂತಿತ್ತು.
"ಪೋಟ್ ಆಳಶೀ ಝಾಲಂಯ" ಅಂದ್ರು ಬಾಯಿ.

ಮೈಗಳ್ಳ? ನನ್ನ ಹೊಟ್ಟಿ?
ದಿನಾ ನೂರಾಎಂಬತ್ತು ಕಡಕ್ ರೊಟ್ಟಿ ಬಡಿಯೋ ಮೈಯಾಗ
ಇದೊಂದು ಎಲ್ಲಿಂದ ಕಲ್ತು ಬಂತು
ಸುಮ್ನ ಕೂಡೂದು?

ಕನ್ನಾ ಚೌಕದಿಂದ ನಡಕೋತ ಬರೂವಾಗ ಅಪ್ಪ ನೆನಪಾದ.
ಮಿಲ್ಲಿನ ಭೋಂಗಾ ಕೂಗಿದ್ರ
ಗಲ್ಲಿಗೆ ಗಲ್ಲಿನೇ ಎದ್ದು ಡಬ್ಬಿ ಹಿಡದು ಓಡೂದು.
ಮಿಲ್ಲು ಮುಚ್ಚಿದ ವರ್ಷ
ನಸುಕಿನ್ಯಾಗೇ ಜಳಕ ಮಾಡಿ, ಟೊಪಿಗಿ ಹಾಕ್ಕೊಂಡು
ಅಪ್ಪ ಕಟ್ಟಿ ಮ್ಯಾಲ ಕೂಡ್ತಿದ್ದ.
ಡಬ್ಬಿ ಬಾಜೂಕಿರತಿತ್ತು. ಹತ್ತು ಹೊಡೆಯೂತನಕ.
ಅವನನ್ನ ಯಾರೂ ಮೈಗಳ್ಳ ಅನಲಿಲ್ಲ.
ಕೂಗು ಬಂದಿರಲಿಲ್ಲ, ಅಷ್ಟ.

ಹದಿನೇಳು ವರ್ಷದ ಸಕ್ಕರಿ
ಹೊಟ್ಟಿಗೆ ಹೋಗೋ ನರದ ದನಿ ಕೂರಿಸ್ಯದ.
ಅನ್ನ ಒಳಗ ಕೂತದ, ಡಬ್ಬಿ ಬಾಜೂಕ ಇಟಗೊಂಡು.

ಸೂಜಿ ಮಾತ್ರ ಟೈಮಿಗೆ ಬರ್ತಿತ್ತು.
ಬಂದು ಬಾಗಲಾ ಬಡದು, ಉಂಡದ್ದು ಇನ್ನೂ ಇಳದಿಲ್ಲ ಅಂತ ತಿಳೀದ
ಇದ್ದ ಸಕ್ಕರೀನೇ ಎಲ್ಲಾ ಬಳಕೊಂಡು ಹೋತು ಒಂದ್ ರಾತ್ರಿ.
ಮೈಯೆಲ್ಲಾ ತಣ್ಣಗ ಬೆವರು, ಕೈ ಥರಥರ,
ಮನಿ ಹೆಸರು ಕೇಳಿದ್ರ ಹೇಳಾಕ ಬರವಲ್ದು.
ಬಾಜೂ ಮನಿ ನರ್ಸಕ್ಕ ಸಕ್ಕರಿ ನೀರು ಕಲಸಿ
ತುಟಿಗೆ ಹಿಡದು "ತಾಗು, ತಾಗು" ಅಂದ್ಳು.
ತಾಗು ಅಂದ್ರ ನಮ್ಮಲ್ಲಿ ಮುಟ್ಟು,
ಆಕಿ ತೆಲುಗಿನ್ಯಾಗ ಕುಡಿ.
ಅವತ್ತು ಎರಡೂ ಆತು.
ಬೆಳಗಾಗಾ ನೋಡಿದ್ರ ಮುನ್ನೂರಾ ಹನ್ನೆರಡು:
ರಾತ್ರಿ ಅನ್ನ ಆಗ ಎಚ್ಚರಾಗಿ ಹೊಂಟಿತ್ತು.

ಈಗ ಸೂಜಿ ಯಾವಾಗ ಅಂತ ಬಾಯಿನೇ ಬರದು ಕೊಟ್ಟಾರ.
ತಾಟು ಮಾಡದ ಮ್ಯಾಲ ಹೋಗ್ಯದ. ವಾಟಿ ಒಂದ ಸಾಕು,
ದಿನಕ್ಕ ಆರು ಸಲ.
ಸಿಪ್ಪಿ ಹೆರದ ದುಧಿ, ಮಿದ್ದು ಬಿಟ್ಟ ಅನ್ನ,
ಸೋಸಿದ ಹೆಸರಬ್ಯಾಳಿ ಕಟ್ಟು.
ಶೇಂಗಾ ಚಟ್ನಿ ಕುಟ್ಟೂವಾಗ ಒಳ್ಳಿನ ಕಡೆ ಬೆನ್ನು ಮಾಡ್ತೀನಿ,
ಮೂಗಿಗೆ ಬೆನ್ನಿಲ್ಲ.

ಗಿರಾಕಿ ಸಿದರಾಯಪ್ಪ ಬೈತಾರ:
"ಏ ಸುಗಲಾಬಾಯಿ, ಸಕ್ಕರಿ ಇದ್ದವ್ರು ಮೆತ್ತನ್ನ ಅನ್ನ ಉಣ್ತಾರೇನು?
ನಿನ್ನ ಜ್ವಾಳದ ರೊಟ್ಟಿನೇ ಔಷಧ!"
ಆ ಔಷಧ ಡಜನ್ ಲೆಕ್ಕದಾಗ ಕಟ್ಟಿ ಕೊಡ್ತೀನಿ ನಾ.
ಊರ ಸಕ್ಕರಿ ಇಳಿಸೋ ರೊಟ್ಟಿ
ನನ್ನಲ್ಲಿ ಇಳಿಯೂದೇ ಇಲ್ಲ ಅಂತ
ವ್ಯಾಪಾರದ ಹೊತ್ತಿನ್ಯಾಗ ಹೆಂಗ ಹೇಳಲಿ?

ಹದ ಬಂದದೋ ಇಲ್ಲೋ, ಈಗ ಕಿವಿಗೆ ಹಿಡದು ಮುರೀತೀನಿ.
ಟಪ್ ಅಂದ್ರ ಕಟ್ಟಿಡು.
ಕುಂಯ್ ಅಂದ್ರ ಇನ್ನೊಂದ್ ಬಿಸಲು.
ಹಲ್ಲಿಗೆ ಗೊತ್ತಿದ್ದದ್ದು ಇಷ್ಟ ಏನು ಅನಸ್ತದ ಒಮ್ಮೊಮ್ಮೆ.
ಇಷ್ಟ ಅಲ್ಲ. ಗೊತ್ತದ.

ರಾತ್ರಿ ಉಂಡ ಕೂಡ್ಲೇ ಮಲಗಂಗಿಲ್ಲ.
ನರ್ಸಕ್ಕ ನಾನು, ಗಲ್ಲಿ ಈ ತುದಿಯಿಂದ ಆ ತುದಿಗೆ,
ಆಕಿ ತೆಲುಗಿನ್ಯಾಗ ಎಣಸ್ತಾಳ, ನಾ ಕನ್ನಡದಾಗ,
ಹತ್ತು ಸುತ್ತಿಗೆ ಲೆಕ್ಕ ತಪ್ಪಿ ಇಬ್ರೂ ಜಗಳಾ.
ನಿನ್ನಿ, ನಳದ ಹತ್ರ ಹೋಗೂದ್ರಾಗ
ಹೊಟ್ಟಿ ಒಮ್ಮೆಲೇ ಗುರ್ರ್ ಅಂತು.
ನರ್ಸಕ್ಕ ಗಪ್ಪನ ನಿಂತ್ಳು, ಏನಾತು ಅಂದ್ಳು.

ಏನಿಲ್ಲ ಅಂದೆ.
ಎರಡನೇ ಪಾಳಿಯವರು ಬಂದ್ರು.