ಸಾಲಗಾಮೆ ರಸ್ತೆಯಲ್ಲೊಂದು ತಪಾಸಣೆ

ಹೇಳದೆ ಹೋದೆ. ಮಂಗಳವಾರ, ಮಧ್ಯಾಹ್ನ ಮೂರೂವರೆ.
ತೂಕ-ಅಳತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಕಲಿತದ್ದು ಇಷ್ಟೇ:
ಹೇಳಿ ಹೋದ ದಿನ ಎಲ್ಲ ತಕ್ಕಡಿಯೂ ಸತ್ಯವಂತ.

ಗಂಡ ಬರಲಿಲ್ಲ.
'ಪಳಗಿದ ಕಣ್ಣು ನಿಂದು, ನೀನೇ ನೋಡ್ಕೊಂಡು ಬಾ' ಎಂದು
ಅಕ್ಕನ ಎದುರು ನೆಲಕ್ಕೆ ಕೂತು
ಅವರ ಜೊತೆ ತಾವೂ ಈರುಳ್ಳಿ ವಿಂಗಡಿಸತೊಡಗಿದರು.

ಕಟ್ಟಡ ಹೊಸದು. ಗೇಟಿಗೆ ಒಳಗಿನಿಂದ ಬೀಗ.
ಮ್ಯಾನೇಜರ್ ಲೋಹಿತ 'ಮನೆ ಥರಾನೇ ಮೇಡಂ' ಅಂದ, ಎರಡು ಸಲ.
ಬಚ್ಚಲು ಎಲ್ಲಿ ಅಂದೆ.
ಫಿನಾಯಿಲ್ ಜಾಸ್ತಿಯಾದರೂ ಅನುಮಾನ, ಇಲ್ಲದಿದ್ದರೂ ಅನುಮಾನ.
ಕಂಬಿ ಹಿಡಿದು ಜಗ್ಗಿದೆ; ಗೋಡೆ ಉದುರಲಿಲ್ಲ.
ಹಾಸಿಗೆ ಎತ್ತಿ ಅಡಿ ನೋಡಿದೆ.
ತೂಕದ ಬಟ್ಟಿನ ಹೊಟ್ಟೆಯಲ್ಲಿ ಸೀಸ ಇದೆಯೋ, ಕೆರೆದು ತೆಗೆದಿದ್ದಾರೋ
ಮಗುಚಿದರೇ ಗೊತ್ತಾಗುವುದು.

'ರಾತ್ರಿ ಎಷ್ಟು ಜನ ಇರ್ತಾರೆ?' 'ಇಬ್ಬರು.'
ಪಾಳಿ ಪುಸ್ತಕದಲ್ಲಿ ಒಂದೇ ಸಹಿ.
'ಇನ್ನೊಬ್ಬಳು ಊರಿಗೆ ಹೋಗಿದಾಳೆ ಮೇಡಂ.'
ನನ್ನ ಪುಸ್ತಕದಲ್ಲಿ ಬರೆದುಕೊಂಡೆ:
ಕೊರತೆ, ಅರ್ಧಕ್ಕರ್ಧ.

ಜವರಮ್ಮ, ನನ್ನ ಗಂಡನ ಅಕ್ಕ,
ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ಬಿತ್ತನೆ ಗೆಡ್ಡೆ ಆರಿಸುತ್ತಿದ್ದವರು.
ಮೂಟೆಯೊಳಗೆ ಕೈ ಇಳಿಬಿಟ್ಟರೆ
ಯಾವುದು ಒಳಗೇ ಕೊಳೆತಿದೆ, ಯಾವುದಕ್ಕೆ ಕಣ್ಣೊಡೆಯುತ್ತದೆ
ಬೆರಳೇ ಹೇಳುತ್ತಿತ್ತು.
ಹೊಸ ಇನ್ಸ್‌ಪೆಕ್ಟರಾಗಿ ನಾನು ಮಂಡಿಗೆ ಕಾಲಿಟ್ಟ ದಿನ
'ಮೂರ್ನೇ ಅಂಗಡಿ ತಕ್ಕಡಿ ನೋಡವ್ವ,
ತಟ್ಟೆ ಅಡಿಗೆ ಹುಣಸೆಹಣ್ಣು ಮೆತ್ತವ್ರೆ' ಎಂದು
ಕಿವಿಯಲ್ಲಿ ಉಸುರಿದ್ದು ಇವರೇ.
ಆಮೇಲೆ ತಮ್ಮನನ್ನು ತೋರಿಸಿದ್ದೂ ಇವರೇ.

ಈಗ ನನ್ನ ಕಂಡರೆ 'ಇಲಾಖೆಯೋರು ಬಂದ್ರು' ಎಂದು
ಸೆರಗು ಸರಿಮಾಡಿಕೊಳ್ಳುತ್ತಾರೆ.
ಅದು ಒಳ್ಳೆಯ ದಿನ.
ಮಿಕ್ಕ ದಿನ ಈರುಳ್ಳಿ, ಸೋಪು, ಉಲ್ಲನ್ನಿನ ಉಂಡೆ,
ಗಂಡನ ಬೀಪಿ ಮಾತ್ರೆ,
ಕೈಗೆ ಸಿಕ್ಕಿದ್ದೆಲ್ಲ ಎರಡು ರಾಶಿ.
ಹೋದ ತಿಂಗಳು ರಾತ್ರಿ ಎರಡು ಗಂಟೆಗೆ
ಬಿ.ಎಂ. ರಸ್ತೆಯಲ್ಲಿ ಸಿಕ್ಕರು, ಮಡಿಲ ತುಂಬ ಜಲ್ಲಿಕಲ್ಲು.
ಲಾರಿ ಕಾಯುತ್ತಿದ್ದರಂತೆ.

ಹೊರಡುವಾಗ ಹಾಲಿನಲ್ಲಿ ಒಬ್ಬ ಮುದುಕ,
ಪಂಚೆ, ಮೇಲೆ ಹೆಂಗಸರ ಸ್ವೆಟರು,
'ಅರಸೀಕೆರೆ ಗಾಡಿ ಹೋಯ್ತಾ?'
ಶಾಹಿದಾ ಎಂಬ ಹುಡುಗಿ, ನಾನು ಬಾಗಿಲ ಹಿಂದಿರುವುದು ಗೊತ್ತಿಲ್ಲದೆ,
'ಇಲ್ಲ ತಾತ, ಅರ್ಧ ಗಂಟೆ ಲೇಟಂತೆ.
ಕಾಫಿ ಕುಡಿಯೋಷ್ಟು ಟೈಮಿದೆ' ಅಂದಳು.
ಒಂದು ಹನಿ ತನ್ನ ಮಣಿಕಟ್ಟಿಗೆ ಬಿಟ್ಟು ಬಿಸಿ ನೋಡಿ ಕೊಟ್ಟಳು.
ಮುದುಕ ಕೂತ. 'ಇವರದು ಯಾವಾಗ್ಲೂ ಲೇಟೇ' ಎಂದು
ಹಾಯಾಗಿ ರೈಲ್ವೆಯವರನ್ನು ಬೈದ.

ಸುಳ್ಳು ತೂಕಕ್ಕೆ ದಂಡ ಬರೆದ ಕೈ ಇದು.
ಈ ಸುಳ್ಳನ್ನು ಯಾವ ತಟ್ಟೆಗಿಡಲಿ?
ಅರ್ಧ ಗಂಟೆ. ಗುಂಜಿಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

'ರಾತ್ರಿ ಪಾಳಿ ಯಾರದಮ್ಮ?'
'ಈ ವಾರ ನಂದೇ.'
'ಮುಂದಿನ ವಾರ?'
ಲೋಹಿತನ ಕಡೆ ನೋಡಿ ಸುಮ್ಮನೆ ನಕ್ಕಳು.

ಅರ್ಜಿ ತಂದು ಕೊಟ್ಟರು.
'ಸೇರಿಸಲು ಕಾರಣ': ಖಾಲಿ ಬಿಟ್ಟೆ.
'ಹವ್ಯಾಸ': ಆರಿಸುವುದು,
ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿದೆ.
ಸಹಿ ಮಾಡಲಿಲ್ಲ, ವಾಪಸ್ಸೂ ಕೊಡಲಿಲ್ಲ.

ಮನೆಗೆ ಬಂದರೆ ಅದೇ ನೆಲ, ಅದೇ ಎರಡು ರಾಶಿ.
ಗಂಡ ನನ್ನ ಮುಖ ನೋಡಿದರು. ಕೇಳಲಿಲ್ಲ.
ಜವರಮ್ಮ ನನ್ನ ಕೈ ಎಳೆದುಕೊಂಡು, ಅಂಗೈ ಮಗುಚಿ,
ಹೆಬ್ಬೆರಳಲ್ಲಿ ಅಲ್ಲಲ್ಲಿ ಒತ್ತಿ ನೋಡಿದರು,
ಬೆಳಕಿಗೆ ತಿರುಗಿಸಿ, ಮತ್ತೊಮ್ಮೆ ಒತ್ತಿ.

ಯಾವ ರಾಶಿಗೆ ಎಂದು
ಇನ್ನೂ ಹೇಳಿಲ್ಲ.